ಉದ್ರಿಯ ಲೆಕ್ಕ

ಇಳಕಲ್ಲಿನ ನಮ್ಮ ಓಣಿಗೆ ವರ್ತಮಾನ ಪತ್ರಿಕೆ ಬರುತ್ತಿದ್ದುದು ಹುಬ್ಬಳ್ಳಿಯ ಬಸ್ಸಿನಲ್ಲಿ. ಇಡೀ ಓಣಿಗೆ ಒಂದೇ ಪತ್ರಿಕೆ. ಅದರ ಹಣವನ್ನು ಐದಾರು ಮನೆಯವರು ಕೂಡಿಸಿ ಕೊಡುತ್ತಿದ್ದರು. ಗಟ್ಟಿಯಾಗಿ ಓದಿ ಹೇಳುವ ಕೆಲಸ ಮಾತ್ರ ನನ್ನ ಪಾಲಿಗೆ ಬಂದಿದ್ದಿತು. ನಮ್ಮದು ನೇಕಾರರ ಮನೆ. ಪಡಸಾಲೆಯ ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ತಂದೆಯವರು ನೇಯುತ್ತ ಕುಳಿತಿರುತ್ತಿದ್ದರು. ತಾಯಿ ಬಾಗಿಲ ಬೆಳಕಿನಲ್ಲಿ ಕಂಡಿಕೆ ಸುತ್ತುತ್ತಿದ್ದರು. ನೆರೆಯವರು ಕಟ್ಟೆಯ ಮೇಲೆ ಸೇರುತ್ತಿದ್ದರು. ಲಾಳಿ ಓಡಾಡುವ ಸದ್ದಿಗಿಂತ ನನ್ನ ದನಿ ಮೇಲಾಗಬೇಕಾಗಿದ್ದುದರಿಂದ, ನಾನು ಓದುತ್ತಿದ್ದೆನೆನ್ನುವುದಕ್ಕಿಂತ ಕೂಗುತ್ತಿದ್ದೆನೆನ್ನುವುದೇ ಸರಿ.

ಸುದ್ದಿಗಳು ಮುಗಿದ ಮೇಲೆ ನಡುಪುಟದ ಲೇಖನಗಳ ಸರದಿ. ಅವುಗಳನ್ನು ಬರೆಯುತ್ತಿದ್ದವರು ಹೆಚ್ಚಾಗಿ ಪ್ರಾಧ್ಯಾಪಕರು. ಅರ್ಥಶಾಸ್ತ್ರವನ್ನೋ ರಾಜ್ಯಶಾಸ್ತ್ರವನ್ನೋ ಆಳವಾಗಿ ಅಭ್ಯಾಸ ಮಾಡಿದವರು. ಸರಕಾರ ಹೊಸ ಕಾನೂನು ಮಾಡಲಿ, ಅಣೆಕಟ್ಟು ಕಟ್ಟಲಿ, ಅಕ್ಕಿಯ ದರ ಇಳಿಸಲಿ, ಅದರ ಒಳಿತು ಕೆಡುಕುಗಳನ್ನು ಅವರು ತೂಗಿ ಹೇಳುತ್ತಿದ್ದರು. ಓದು ಮುಗಿದ ಕೂಡಲೆ ತಂದೆಯವರು ಲಾಳಿ ನಿಲ್ಲಿಸಿ ಎರಡೇ ಪ್ರಶ್ನೆ ಕೇಳುತ್ತಿದ್ದರು.

"ಬರದವರು ಯಾರು ತಮ್ಮಾ?"

ನಾನು ಹೆಸರು ಹೇಳುತ್ತಿದ್ದೆ.

"ಅವರಿಗೆ ಇದು ಹ್ಯಾಂಗ ಗೊತ್ತಾತು?"

ಈ ಎರಡನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರುತ್ತಿರಲಿಲ್ಲ. ಪತ್ರಿಕೆಯಲ್ಲಿ ಅಚ್ಚಾದುದು ಗೊತ್ತಿಲ್ಲದೆ ಅಚ್ಚಾಗುತ್ತದೆಯೇ ಎಂದು ನನ್ನ ಎಣಿಕೆ.

1985ರಲ್ಲಿ, ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ, ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆಂದೇ ಮೀಸಲಿಡುವ ಕಾನೂನನ್ನು ಸಂಸತ್ತು ಅಂಗೀಕರಿಸಿತು. ನಮ್ಮ ಓಣಿಯಲ್ಲಿ ಅಂದು ಹಬ್ಬದ ಕಳೆ. ಕೆಲವು ದಿನಗಳ ಮೇಲೆ ಅರ್ಥಶಾಸ್ತ್ರಜ್ಞರೊಬ್ಬರ ಲೇಖನ ಬಂದಿತು. ವಿದ್ಯುತ್ ಮಗ್ಗದ ವೇಗದ ಮುಂದೆ ಕೈಮಗ್ಗ ನಿಲ್ಲಲಾರದು, ಕಾನೂನಿನ ಊರುಗೋಲು ಬಹುಕಾಲ ಆಸರೆಯಾಗದು, ನೇಕಾರರಿಗೆ ಬೇರೆ ಕಸುಬು ಕಲಿಸುವುದೇ ಲೇಸು ಎಂಬುದು ಅದರ ಸಾರಾಂಶ. ನಾನು ಓದಿ ಮುಗಿಸುವಷ್ಟರಲ್ಲಿ ಕಟ್ಟೆಯ ಮೇಲಿದ್ದವರು ಬರೆದವರನ್ನು ಬಯ್ಯತೊಡಗಿದ್ದರು. ತಂದೆಯವರು ಬಯ್ಯಲಿಲ್ಲ. ತಾವು ನೇಯುತ್ತಿದ್ದ ಸೀರೆಯ ಒಡಲು ಮುಗಿದು ಸೆರಗು ಆರಂಭವಾಗುವ ಎಡೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಎಳೆಗೆ ಕೊಂಡಿ ಹಾಕಿ ಸೇರಿಸಬೇಕು. ಆ ಮೇಲೆಯೇ ಟೋಪ ತೆನಿಯ ಸೆರಗು ಮೂಡುವುದು.

"ಯಂತ್ರದ ವೇಗದ ಮಾತು ಖರೇ ಐತಿ," ಎಂದರು ತಂದೆ. "ಆದ್ರ ಈ ಕೊಂಡಿ ಹಾಕೋದನ್ನ ಅವರು ನೋಡ್ಯಾರೇನು? ನೋಡಿದ್ರ 'ಸೀರಿ' ಅಂತ ಒಂದ ಮಾತಿನಾಗ ಬರದು ಮುಗಸ್ತಿದ್ದಿಲ್ಲ."

ಮುಂದೆ ಆದುದನ್ನು ನೋಡಿದರೆ ಲೇಖಕರೂ ಅರ್ಧ ಸರಿ, ತಂದೆಯವರೂ ಅರ್ಧ ಸರಿ. 1986ರಲ್ಲಿ ಇಪ್ಪತ್ತೆರಡು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಟ್ಟರು. 1993ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕಾನೂನನ್ನು ಎತ್ತಿಹಿಡಿಯಿತು. ಅನಂತರದ ವರ್ಷಗಳಲ್ಲಿ ಪಟ್ಟಿ ಕರಗಿ ಹನ್ನೊಂದಕ್ಕೆ ಇಳಿಯಿತು. ನಮ್ಮ ಓಣಿಯಲ್ಲಿಯೂ ಅನೇಕ ಕುಣಿಗಳನ್ನು ಮುಚ್ಚಿ ಮೇಲೆ ಫರಸಿ ಹಾಸಿದ್ದಾರೆ. ಆದರೂ ಕೊಂಡಿ ಹಾಕಿ ನೇಯ್ದ ಸೀರೆಯನ್ನು ಹುಡುಕಿಕೊಂಡು ಬರುವವರು ಇಂದಿಗೂ ಇದ್ದಾರೆ.

ಆ ಲೇಖನದ ಮೇಲೆ ಸಿಟ್ಟಾಗಬೇಕಾಗಿದ್ದ ನನಗೆ ಹುಟ್ಟಿದುದು ಬೇರೆಯೇ ಆಸೆ. ಹೀಗೆ ಬರೆಯುವವನು ನಾನೂ ಆಗಬೇಕು! ಅರ್ಥಶಾಸ್ತ್ರವನ್ನೇ ಆರಿಸಿಕೊಂಡು ಧಾರವಾಡದಲ್ಲಿ ಓದಿದೆ. ನಾಡಿನ ಆಗುಹೋಗುಗಳ ಮೇಲೆ ವಿದ್ವಾಂಸರು ಜನರೊಡನೆ ಮಾತನಾಡುವ ಪರಿಪಾಠ ನಮ್ಮಲ್ಲಿ ಹೊಸದಲ್ಲವೆಂಬುದು ಅಲ್ಲಿ ತಿಳಿಯಿತು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ ಡಿ. ವಿ. ಗುಂಡಪ್ಪನವರು ಕವಿಗಳಷ್ಟೇ ಅಲ್ಲ, ದಶಕಗಳ ಕಾಲ ರಾಜ್ಯಕಾರಣವನ್ನು ಕುರಿತು ಪತ್ರಿಕೆಗಳಲ್ಲಿ ಬರೆದವರು. 1972ರಲ್ಲಿ ವಿ. ಕೆ. ಆರ್. ವಿ. ರಾವ್ ಅವರು ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದರು. ಧಾರವಾಡದ ಆಕಾಶವಾಣಿಯಲ್ಲಿ ಪ್ರಾಧ್ಯಾಪಕರ ಭಾಷಣ ಕೇಳಿಬಂದರೆ ನಾನು ಊಟವನ್ನು ಬಿಟ್ಟು ಕಿವಿಗೊಡುತ್ತಿದ್ದೆ. ಅವರ ವಿಚಾರಕ್ಕಿಂತ ಅವರ ದನಿಯ ಗಾಂಭೀರ್ಯವನ್ನೇ ನಾನು ಹೆಚ್ಚಾಗಿ ಕಲಿತೆನೆಂದು ಈಗ ಅನ್ನಿಸುತ್ತದೆ.

ಕಾಲೇಜಿನಲ್ಲಿ ಉಪನ್ಯಾಸಕನಾಗಿ ಎರಡು ವರ್ಷ ತುಂಬುವುದರೊಳಗೆ ನನ್ನ ಆಸೆ ಕೈಗೂಡಿತು. 1998ನೆಯ ಇಸವಿ. ಹಿಂದಿನ ವರ್ಷವಷ್ಟೇ ವಿಜಾಪುರ ಜಿಲ್ಲೆಯನ್ನು ಒಡೆದು ಬಾಗಲಕೋಟೆ ಜಿಲ್ಲೆಯನ್ನು ರಚಿಸಿದ್ದರು. ಆಲಮಟ್ಟಿಯ ಅಣೆಕಟ್ಟು ಏಳುತ್ತಿದ್ದಿತು. ನೀರು ನಿಂತಾಗ ಅದು ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೆ ಸರಿದು ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳನ್ನು ಮುಳುಗಿಸುವುದೆಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಮುಳುಗುವವರಿಗಾಗಿ ಎತ್ತರದ ನೆಲದಲ್ಲಿ ನವನಗರ ಸಿದ್ಧವಾಗುತ್ತಿದ್ದಿತು. ಅದರ ವಿನ್ಯಾಸ ಮಾಡಿದವರು ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಹಳೆಯ ಊರಿನ ಜನ ಮಾತ್ರ ಹೊರಡಲು ಮನಸ್ಸು ಮಾಡುತ್ತಿರಲಿಲ್ಲ. ಈ ವಿಷಯವಾಗಿ ಒಂದು ಲೇಖನ ಬೇಕೆಂದು ಪತ್ರಿಕೆಯೊಂದರವರು ಕೇಳಿದಾಗ ನಾನು ಎರಡು ರಾತ್ರಿಗಳಲ್ಲಿ ಬರೆದು ಕಳುಹಿಸಿದೆ.

ನವನಗರದ ನಕಾಶೆ ನನ್ನ ಮೇಜಿನ ಮೇಲಿದ್ದಿತು. ಹಳೆಯ ಓಣಿಗಳ ಅಗಲವೆಷ್ಟು, ಹೊಸ ರಸ್ತೆಗಳ ಅಗಲವೆಷ್ಟು, ಹಳೆಯ ಮನೆಯ ವಿಸ್ತೀರ್ಣವೆಷ್ಟು, ಹೊಸ ನಿವೇಶನದ ವಿಸ್ತೀರ್ಣವೆಷ್ಟು ಎಂದು ಲೆಕ್ಕ ಹಾಕಿದೆ. ಗಾಳಿ, ಬೆಳಕು, ಚರಂಡಿ, ಶಾಲೆ ಎಲ್ಲವೂ ನನ್ನ ಪಟ್ಟಿಯಲ್ಲಿದ್ದುವು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಕೊನೆಯಲ್ಲಿ ಮಾತ್ರ, ಹೋಗಲು ಹಿಂಜರಿಯುವುದಕ್ಕೆ ಹಳೆಯ ಮನೆಯ ಮೇಲಿನ ಮೋಹವಲ್ಲದೆ ಬೇರೆ ಕಾರಣವಿಲ್ಲವೆಂದು ಬರೆದೆ. ಲೇಖನ ನನ್ನ ಭಾವಚಿತ್ರದೊಡನೆ ಅರ್ಧ ಪುಟ ಬಂದಿತು. ಆ ದಿನ ಕಾಲೇಜಿನಲ್ಲಿ ನಾನು ಸ್ವಲ್ಪ ನಿಧಾನವಾಗಿ ನಡೆದೆನೆಂದು ನೆನಪು.

ಹಳೆಯ ಬಾಗಲಕೋಟೆಯಲ್ಲಿ ನನ್ನ ಸೋದರಮಾವನವರ ಕಿರಾಣಿ ಅಂಗಡಿಯಿದ್ದಿತು. ಹದಿನೈದು ದಿನಗಳ ತರುವಾಯ ಅವರಲ್ಲಿಗೆ ಹೋದೆ. ಮಾವನವರು ಕುಳಿತುಕೊ ಎನ್ನಲಿಲ್ಲ, ಚಹ ತರಿಸಲಿಲ್ಲ. ತಕ್ಕಡಿಯ ಕೆಳಗಿಂದ ಮಡಿಸಿದ ಪತ್ರಿಕೆಯನ್ನು ತೆಗೆದು ಮುಂದಿಟ್ಟರು.

"ಮೊನ್ನೆ ಸಭೆಯೊಳಗ ಒಬ್ಬ ಸಾಹೇಬರು ಇದನ್ನ ಎತ್ತಿ ತೋರ್ಸಿದ್ರು. 'ನೋಡ್ರಿ, ನಿಮ್ಮ ಜಿಲ್ಲಾದ ಪ್ರೊಫೆಸರ ಬರದಾರ, ನಿಮಗ ಮೋಹ ಬಿಟ್ರ ಬ್ಯಾರೆ ತೊಂದ್ರಿ ಇಲ್ಲಂತ' ಅಂದ್ರು. ಓಣ್ಯಾಗಿನ ಮಂದಿ ನನ್ನ ಮುಖಾ ನೋಡಿದ್ರು. ನೀ ನನ್ನ ಅಳಿಯಾ ಅಂತ ಎಲ್ಲಾರಿಗೂ ಗೊತ್ತೈತಲ್ಲ."

ನಾನು ನಿವೇಶನದ ಅಳತೆಯ ಮಾತನ್ನು ಎತ್ತಿದೆ. ಮಾವನವರು ಕೈ ಅಡ್ಡ ಹಿಡಿದು, ಗಲ್ಲೆಯ ಪಕ್ಕದಿಂದ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕವೊಂದನ್ನು ತೆರೆದರು. ಅದು ಉದ್ರಿಯ ಪುಸ್ತಕ.

"ನಿನ್ನ ಲೆಕ್ಕದಾಗ ನನ್ನ ಉದ್ರಿ ಎಲ್ಲಿ ಐತಿ, ತೋರ್ಸು."

ಮಾವನವರು ಓಣಿಯ ಮನೆಗಳಿಗೆಲ್ಲ ಸಾಮಾನು ಸಾಲವಾಗಿ ಕೊಡುತ್ತಿದ್ದರು. ಕೂಲಿ ಬಂದಾಗ ಕೆಲವರು, ಸುಗ್ಗಿಯಲ್ಲಿ ಕೆಲವರು, ಮಗ ಪುಣೆಯಿಂದ ಹಣ ಕಳುಹಿಸಿದಾಗ ಕೆಲವರು ತೀರಿಸುತ್ತಿದ್ದರು. ಕಾಗದ ಪತ್ರವಿಲ್ಲ, ಸಾಕ್ಷಿಯಿಲ್ಲ. ಬೆಳಗಾದರೆ ಒಬ್ಬರ ಮುಖವನ್ನೊಬ್ಬರು ನೋಡಬೇಕೆಂಬುದೊಂದೇ ಆ ಸಾಲಕ್ಕಿದ್ದ ಆಧಾರ. ಹೊಸ ಊರಿನಲ್ಲಿ ನಿವೇಶನಗಳು ಹಂಚಿಕೆಯಾದಾಗ ಒಂದು ಓಣಿಯ ಜನ ಹತ್ತು ಸೆಕ್ಟರುಗಳಿಗೆ ಚದರಿದರೆ ಆ ಮುಖ ನೋಡುವ ಪ್ರಶ್ನೆಯೇ ಇಲ್ಲ. ಹಳೆಯ ಬಾಕಿಯೂ ಹೋಯಿತು, ಮುಂದಿನ ವ್ಯಾಪಾರವೂ ಹೋಯಿತು.

ಅಂಗಡಿಯನ್ನು ಮಗನಿಗೆ ಒಪ್ಪಿಸಿ ಮಾವನವರು ನನ್ನನ್ನು ಓಣಿಯೊಳಗೆ ಕರೆದುಕೊಂಡು ಹೋದರು. ಒಂದು ಮನೆಯಲ್ಲಿ ವೃದ್ಧೆಯೊಬ್ಬಳು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಸುತ್ತಲಿನ ಇಪ್ಪತ್ತು ಮನೆಗಳಿಗೆ ಅವಳೇ ರೊಟ್ಟಿ ಕೊಡುವವಳು. ಬುಟ್ಟಿಯನ್ನು ಸೊಂಟದ ಮೇಲಿಟ್ಟುಕೊಂಡು ಹೊರಟರೆ ಬಿಸಿ ಆರುವುದರೊಳಗೆ ಎಲ್ಲ ಮನೆಗಳನ್ನೂ ಮುಟ್ಟಿ ಬರುತ್ತಿದ್ದಳು. ನನ್ನ ಲೇಖನದಲ್ಲಿ ನಾನು ಬಹಳವಾಗಿ ಹೊಗಳಿದ್ದ ಅಗಲವಾದ ರಸ್ತೆಗಳು ನನಗೆ ಆಗ ನೆನಪಾದುವು. ರಸ್ತೆ ಅಗಲವಾದಷ್ಟೂ ಅವಳಿಗೆ ಮನೆಗಳು ದೂರ. ಅವಳು ಪತ್ರಿಕೆ ಓದಿದವಳಲ್ಲ. "ಸಾಲೀ ಕಲಿಸೋ ಅಳಿಯಾ ಇವರ ಏನ್ರಿ?" ಎಂದು ಮಾವನವರನ್ನು ಕೇಳಿ, ಬಿಸಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ನನ್ನ ಕೈಗಿತ್ತಳು. ಅದನ್ನು ನುಂಗುವುದು ನನಗೆ ಕಷ್ಟವಾಯಿತು.

ಮುಂದೆ ಹೋಳಿಯ ಮಾತು ಬಂದಿತು. ಬಾಗಲಕೋಟೆಯ ಹೋಳಿಯನ್ನು ಕಂಡವರಿಗೆ ಗೊತ್ತು: ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂದು ಪೇಟೆ ಪೇಟೆಯ ಜನ ಹಲಗೆ ಬಾರಿಸುತ್ತ, ಬಂಡಿಗಳಲ್ಲಿ ಬಣ್ಣದ ಹಂಡೆಗಳನ್ನಿಟ್ಟುಕೊಂಡು ಹೊರಡುವ ಹಬ್ಬ ಅದು. "ಸೆಕ್ಟರ ನಂಬರದವರು ಯಾವ ಪ್ಯಾಟಿಯವರಾಗತಾರ?" ಎಂದು ಹಲಗೆ ಕಟ್ಟುತ್ತಿದ್ದ ತರುಣನೊಬ್ಬ ಕೇಳಿದ. ಅವನು ತಮಾಷೆಗೆ ಕೇಳಿದನೋ ನೋವಿನಿಂದ ಕೇಳಿದನೋ ತಿಳಿಯಲಿಲ್ಲ. ಇದನ್ನು ಬೇಕಾದರೆ ಮೋಹವೆನ್ನಬಹುದು. ಉದ್ರಿಯನ್ನೂ ರೊಟ್ಟಿಯನ್ನೂ ಹಾಗೆನ್ನುವಂತಿರಲಿಲ್ಲ. ಅವು ಅಪ್ಪಟ ಅರ್ಥಶಾಸ್ತ್ರ. ನಾನು ಸಂಬಳ ಪಡೆದು ಕಲಿಸುತ್ತಿದ್ದ ವಿಷಯ.

ಊರಿಗೆ ಮರಳಿ ಪತ್ರಿಕೆಗೆ ಬರೆದೆ. ಲೇಖನದ ಕೊನೆಯ ಭಾಗ ತಪ್ಪು, ಆ ಮಾತನ್ನು ನಾನು ಯಾರನ್ನೂ ವಿಚಾರಿಸದೆ ಬರೆದೆ ಎಂದು ತಿಳಿಸಿ, ಕಂಡುದನ್ನು ವಿವರಿಸಿದೆ. ಅದು ಓದುಗರ ಪತ್ರಗಳ ಅಂಕಣದಲ್ಲಿ, ಎಲ್ಲಕ್ಕೂ ಕೆಳಗೆ, ಹನ್ನೆರಡು ಸಾಲುಗಳಾಗಿ ಬಂದಿತು. ರೊಟ್ಟಿಯ ಮುದುಕಿಗೆ ಅದರಲ್ಲಿ ಸ್ಥಳ ಸಿಕ್ಕಿರಲಿಲ್ಲ. ಮಾವನವರು ಅದನ್ನೂ ಕತ್ತರಿಸಿ ಇಟ್ಟುಕೊಂಡರು. ಮುಂದಿನ ಸಲ ಹೋದಾಗ ಚಹ ತರಿಸಿದರು. ಆದರೆ, "ದೊಡ್ಡದಾಗಿ ತಪ್ಪಿ ಸಣ್ಣದಾಗಿ ಒಪ್ಪಿಕೊಂಡಿ," ಎಂದರು. ಸಭೆಯಲ್ಲಿ ಆ ಹನ್ನೆರಡು ಸಾಲುಗಳನ್ನು ಯಾರೂ ಎತ್ತಿ ತೋರಿಸಲಿಲ್ಲ.

ನೀರು ಬರುವುದು ನಿಲ್ಲಲಿಲ್ಲ. 2000ದಲ್ಲಿ ಸರ್ವೋಚ್ಚ ನ್ಯಾಯಾಲಯ 519.6 ಮೀಟರ್ ಎತ್ತರಕ್ಕೆ ನೀರು ನಿಲ್ಲಿಸಲು ಒಪ್ಪಿಗೆಯಿತ್ತಿತು. ಮಾವನವರ ಓಣಿ ಚದರಿತು. ಅವರು ನವನಗರದಲ್ಲಿ ಅಂಗಡಿ ಹಾಕಿದರು. ಉದ್ರಿಯಲ್ಲಿ ಮೂರರಲ್ಲಿ ಒಂದು ಪಾಲು ಮರಳಲೇ ಇಲ್ಲ. ಹೊಸ ಅಂಗಡಿಯಲ್ಲಿ 'ಉದ್ರಿ ಕೇಳಬೇಡಿ' ಎಂದು ಹಲಗೆ ತೂಗುಹಾಕಿದ್ದರು. ನನ್ನ ಲೇಖನದಲ್ಲಿ ನಿಜವಾದ ಭಾಗವೂ ಇದ್ದಿತೆಂಬುದನ್ನು ಹೇಳದಿದ್ದರೆ ತಪ್ಪಾದೀತು. ಅವರ ಮೊಮ್ಮಕ್ಕಳು ಗಾಳಿ ಬೆಳಕಿನ ಮನೆಯಲ್ಲಿ ಬೆಳೆದರು.

ಇದಾದ ಮೇಲೆ ಬಹುಕಾಲ ನಾನು ಪತ್ರಿಕೆಗೆ ಬರೆಯಲಿಲ್ಲ. ಮತ್ತೆ ಧೈರ್ಯ ಬಂದುದು 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ವರದಿಯನ್ನು ಓದಿದಾಗ. ಧಾರವಾಡದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು ಪ್ರಾದೇಶಿಕ ಅಸಮತೋಲನ ನಿವಾರಣೆಯ ಸಮಿತಿಯ ಅಧ್ಯಕ್ಷರಾಗಿ ರಾಜ್ಯದ 175 ತಾಲ್ಲೂಕುಗಳನ್ನು 35 ಸೂಚ್ಯಂಕಗಳಿಂದ ಅಳೆದು, 114 ತಾಲ್ಲೂಕುಗಳು ಹಿಂದುಳಿದಿವೆಯೆಂದೂ ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆಯೆಂದೂ ತೋರಿಸಿದರು. ಉತ್ತರ ಕರ್ನಾಟಕಕ್ಕೆ ಅನ್ಯಾಯವಾಗಿದೆಯೆಂದು ಅದುವರೆಗೆ ವೇದಿಕೆಗಳಲ್ಲಿ ಗುಡುಗಿದವರಿದ್ದರು, ಇಲ್ಲವೆಂದು ಗುಡುಗಿದವರೂ ಇದ್ದರು. ಈ ವರದಿ ಗುಡುಗಲಿಲ್ಲ. ಏನನ್ನು ಅಳೆದೆವು, ಹೇಗೆ ಅಳೆದೆವು ಎಂಬುದನ್ನು ಮುಂದಿಟ್ಟಿತು. ಒಪ್ಪದವನು ಅದೇ ಅಂಕಿಗಳನ್ನು ಹಿಡಿದು ಮರುಲೆಕ್ಕ ಮಾಡಬಹುದಾಗಿದ್ದಿತು. ನಮ್ಮ ತಂದೆಯವರ ಎರಡನೆಯ ಪ್ರಶ್ನೆಗೆ ಉತ್ತರ ಕೊಡಬಲ್ಲ ಬರಹವನ್ನು ನಾನು ಕಂಡುದು ಅದೇ ಮೊದಲು.

ವರದಿಯನ್ನು ವಿವರಿಸಲು ಹುನಗುಂದದವರು ನನ್ನನ್ನು ಕರೆದರು. ಎರಡು ಗಂಟೆ ಮಾತನಾಡಿದೆ. ಹಿಂದಿನ ಸಾಲಿನಿಂದ ರೈತರೊಬ್ಬರು ಎದ್ದುನಿಂತು, "ಬೆಳಿ ಲೆಕ್ಕಾ ಹಿಡದದ್ದು ಮಳಿ ಆದ ವರ್ಷದ್ದೋ, ಬರಗಾಲದ ವರ್ಷದ್ದೋ?" ಎಂದು ಕೇಳಿದರು. ಸಾಲುಸಾಲಾಗಿ ಮೂರು ವರ್ಷ ಬರ ಬಿದ್ದಿದ್ದ ಕಾಲ ಅದು. ಎರಡು ಗಂಟೆಗಳ ನನ್ನ ಭಾಷಣದಲ್ಲಿ ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಇನ್ನೊಬ್ಬರು, "ಇಳಕಲ್ಲಿನ ಕಲ್ಲಿನ ಖಣಿ, ಸೀರಿ ವ್ಯಾಪಾರ, ನಮ್ಮ ಎರಿ ಹೊಲಾ, ಎಲ್ಲಾ ಕೂಡಿಸಿ ಭಾಗಿಸಿದ್ರ ನಮ್ಮ ಹಳ್ಳಿ ಎಲ್ಲಿ ಕಾಣತೈತ್ರಿ?" ಎಂದರು. ಅಂದು ಇಳಕಲ್ಲೂ ಹುನಗುಂದ ತಾಲ್ಲೂಕಿನಲ್ಲಿಯೇ ಇದ್ದಿತು. ಅದು ಬೇರೆ ತಾಲ್ಲೂಕಾದುದು ಬಹಳ ವರ್ಷಗಳ ಮೇಲೆ. ಸರಾಸರಿಯ ದೋಷವನ್ನು ನಾನು ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆದು ಕಲಿಸುವವನು! ನೋಡಿ ಹೇಳುತ್ತೇನೆಂದು ಇಬ್ಬರ ಪ್ರಶ್ನೆಗಳನ್ನೂ ಬರೆದುಕೊಂಡೆ. ಮುಂದಿನ ತಿಂಗಳು ಹೋಗಿ ಉತ್ತರಿಸಿದೆ. ಆ ಸಲ ಸಭೆಗೆ ಬಂದಿದ್ದವರು ಎಂಟೇ ಜನ. ಆದರೆ ಮಾತುಕತೆ ಕತ್ತಲಾಗುವವರೆಗೆ ನಡೆಯಿತು.

ಇಷ್ಟರಲ್ಲಿ ಕಾಲ ಬದಲಾಗಿದ್ದಿತು. ಪತ್ರಿಕೆಯ ಲೇಖನಕ್ಕೆ ಎರಡು ರಾತ್ರಿಗಳಾದರೂ ಇರುತ್ತಿದ್ದುವು. ದೂರದರ್ಶನದ ವಾಹಿನಿಗಳಲ್ಲಿ ಎರಡು ನಿಮಿಷಗಳೂ ಇರುವುದಿಲ್ಲ. 2018ರ ವಿಧಾನಸಭಾ ಚುನಾವಣೆಯಲ್ಲಿ ಆಗಿನ ಮುಖ್ಯಮಂತ್ರಿಗಳು ಮೈಸೂರು ಸೀಮೆಯ ಚಾಮುಂಡೇಶ್ವರಿಯ ಜೊತೆಗೆ ನಮ್ಮ ಬಾದಾಮಿಯಿಂದಲೂ ಸ್ಪರ್ಧಿಸಿದರು. ಚಾಲುಕ್ಯರ ರಾಜಧಾನಿಗೆ ಮತ್ತೆ ರಾಜಕೀಯದ ಕಳೆ ಬಂದಿತು. ಅಗಸ್ತ್ಯ ತೀರ್ಥದ ದಡದ ಮೇಲೆ, ಕೆಂಪು ಬಂಡೆಗಳು ಹಿಂದೆ ಕಾಣುವಂತೆ ಕುರ್ಚಿಗಳನ್ನಿಟ್ಟು ಚರ್ಚೆ ಏರ್ಪಡಿಸಿದ್ದರು. ಜಿಲ್ಲೆಯವನೆಂದು ನನಗೂ ಒಂದು ಕುರ್ಚಿ ದೊರೆಯಿತು.

ನನ್ನ ಪಕ್ಕದಲ್ಲಿದ್ದ ವಿದ್ವಾಂಸರು ಕ್ಷೇತ್ರದಲ್ಲಿ ಯಾವ ಜಾತಿಯವರು ಎಷ್ಟು ಸಾವಿರವೆಂದು ಬೆರಳು ಮಡಿಸಿ ಹೇಳಿದರು. 1931ರ ಅನಂತರ ಜನಗಣತಿಯಲ್ಲಿ ಎಲ್ಲ ಜಾತಿಗಳ ಎಣಿಕೆಯನ್ನು ಪ್ರಕಟಿಸಿರಲಿಲ್ಲ. ವಿರಾಮದಲ್ಲಿ ನಾನು, "ಈ ಅಂಕಿಗಳು ತಮಗೆ ಎಲ್ಲಿ ದೊರೆತುವು?" ಎಂದು ಮೆಲ್ಲನೆ ಕೇಳಿದೆ. "ಎಲ್ಲರೂ ಇದನ್ನೇ ಹೇಳುತ್ತಾರೆ," ಎಂದು ಅವರು ನಕ್ಕರು. ಅವರು ಕೆಟ್ಟವರಲ್ಲ, 1998ರಲ್ಲಿ ನಾನು ಇದ್ದಂತೆ ಇದ್ದರು. ಆ ಮೇಲೆ ನಿರೂಪಕರು ನನ್ನತ್ತ ತಿರುಗಿ, "ಒಂದೇ ಮಾತಿನಲ್ಲಿ ಹೇಳಿ ಸರ್, ಗೆಲ್ಲುವವರು ಯಾರು?" ಎಂದರು. "ನನಗೆ ಗೊತ್ತಿಲ್ಲ," ಎಂದೆ. ಅದು ಒಂದು ಮಾತಿಗಿಂತ ಹೆಚ್ಚಾಯಿತೋ ಏನೋ, ಮತ್ತೆ ನನ್ನ ಕಡೆಗೆ ತಿರುಗಲಿಲ್ಲ. ಫಲಿತಾಂಶ ಬಂದಾಗ ಬಾದಾಮಿಯ ಗೆಲುವಿನ ಅಂತರ 1,696 ಮತಗಳು. ಅಷ್ಟು ಸಣ್ಣ ಅಂತರವನ್ನು ಬೆರಳು ಮಡಿಸಿ ಮೊದಲೇ ತಿಳಿಯುವ ವಿದ್ಯೆ ಯಾವ ಶಾಸ್ತ್ರದಲ್ಲಿಯೂ ಇಲ್ಲ.

ಇಳಕಲ್ಲಿನಲ್ಲಿ ತಂದೆಯವರು ಆ ಚರ್ಚೆಯನ್ನು ನೋಡಿದ್ದರು. ಆಗ ಅವರು ನೇಯುವುದನ್ನು ಬಿಟ್ಟಿದ್ದರು, ಕಣ್ಣು ಮಂದವಾಗಿತ್ತು. ನಾನು ಹೋದೊಡನೆ, "ಗೊತ್ತಿಲ್ಲ ಅಂದದ್ದು ಛಲೋ ಆತು ತಮ್ಮಾ," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರ ಅಷ್ಟ ಹೇಳಾಕ ಬಾದಾಮಿತನಕ ಯಾಕ ಹೋಗಿದ್ದಿ? ಗೊತ್ತಿದ್ದದ್ದನ್ನ ಹೇಳಬೇಕಿತ್ತು. ಮಲಪ್ರಭಾ ದಂಡಿ ಮಂದಿ ಬ್ಯಾಸಗ್ಯಾಗ ಕುಡಿಯೋ ನೀರಿಗೆ ಎಷ್ಟು ದೂರ ನಡೀತಾರಂತ ನಿನಗ ಗೊತ್ತಿಲ್ಲೇನು?" ಎಂದರು. ನನಗೆ ಗೊತ್ತಿದ್ದಿತು. ಯಾರೂ ಕೇಳಲಿಲ್ಲವೆಂದು ನಾನು ಹೇಳಿರಲಿಲ್ಲ.

ಆಲಮಟ್ಟಿಯ ಮಾತು ಈಗ ಮತ್ತೆ ಮುಂದೆ ಬಂದಿದೆ. ನೀರನ್ನು 524.256 ಮೀಟರಿನವರೆಗೆ ನಿಲ್ಲಿಸಬಹುದೆಂದು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣ 2010ರಲ್ಲಿ ತೀರ್ಪಿತ್ತಿತು. ಹಾಗೆ ನಿಲ್ಲಿಸಿದರೆ ಹೊಲಗಳಿಗೆ ನೀರು ಸಿಗುವವರು ಒಂದು ಕಡೆ, ಹೊಲಗಳೇ ನೀರೊಳಗೆ ಹೋಗುವವರು ಇನ್ನೊಂದು ಕಡೆ. ಇದನ್ನು ಕುರಿತು ಒಂದು ಲೇಖನ ಬೇಕೆಂದು ಸಂಪಾದಕರೊಬ್ಬರು ಕೇಳಿದ್ದಾರೆ. ನಾಡಿದ್ದೇ ಕೊಡಿ ಎಂದರು. ನಾನು ಒಂದು ತಿಂಗಳು ಕೇಳಿದೆ. ಅವರು ನಿಟ್ಟುಸಿರಿಟ್ಟು ಹದಿನೈದು ದಿನ ಕೊಟ್ಟಿದ್ದಾರೆ.

ನಕಾಶೆ ಮೇಜಿನ ಮೇಲಿದೆ. ಮಾವನವರು ಈಗಿಲ್ಲ. ಅವರ ಮಗನ ಕೈಯಿಂದ ಆ ಕೆಂಪು ರಟ್ಟಿನ ಪುಸ್ತಕವನ್ನು ಕೇಳಿ ತಂದಿದ್ದೇನೆ. ಅದರ ಕೊನೆಯ ಹಾಳೆಗೆ ನನ್ನ ಅರ್ಧ ಪುಟದ ಲೇಖನವನ್ನೂ ಅದರ ಕೆಳಗೆ ಹನ್ನೆರಡು ಸಾಲುಗಳ ಪತ್ರವನ್ನೂ ಅಂಟಿಸಿಟ್ಟಿದ್ದಾರೆ. ನಾಳೆ ಬೆಳಗಿನ ಮೊದಲ ಬಸ್ಸಿಗೆ ನದಿಯ ದಂಡೆಯ ಹಳ್ಳಿಗಳಿಗೆ ಹೊರಡಬೇಕು. ಮೊದಲು ಯಾವುದಾದರೊಂದು ಕಿರಾಣಿ ಅಂಗಡಿಯಲ್ಲಿ ಕುಳಿತುಕೊಳ್ಳಬೇಕೆಂದುಕೊಂಡಿದ್ದೇನೆ.